ಮಣ್ಣಿನ ಹೊಂಡದಲ್ಲಿ ಮೀನುಮರಿ: ಮೊದಲ ಮೂರು ತಿಂಗಳ ಮೇವು, ತೂಕ, ಲೆಕ್ಕ

ಮುಹರ್ರಕ್: ಇಲ್ಲಿನ ಮೀನು ಮಾರ್ಕೆಟ್‌ಗೆ ಬರುವ ಕನ್ನಡಿಗರಲ್ಲಿ ಎರಡು ಬಗೆ. ಉಡುಪಿ, ಮಂಗಳೂರು, ಭಟ್ಕಳದ ಕಡೆಯವರಿಗೆ ಕಡಲ ಮೀನು ಕಂಡರೆ ಸಾಕು. ಹಮೂರ್ ಆಗಲಿ, ಸಾಫಿ ಆಗಲಿ, ಹೆಸರು ಬೇರೆಯಾದರೂ ಸಾರಿಗೆ ಸೈ. ಶಿವಮೊಗ್ಗ, ದಾವಣಗೆರೆ, ರಾಯಚೂರು ಕಡೆಯವರು ಮಾತ್ರ ಎಷ್ಟು ವರ್ಷ ಇಲ್ಲಿದ್ದರೂ ಕೆರೆ ಮೀನಿನ ಮಾತು ಬಿಡೋದಿಲ್ಲ. ಕೋಲ್ಡ್ ಸ್ಟೋರ್‌ನ ಫ್ರೀಜರ್‌ನಲ್ಲಿ ಕಲ್ಲಿನಂತೆ ಗಟ್ಟಿಯಾದ ರೋಹು ಸಿಕ್ಕರೆ ಅದೇ ಹಬ್ಬ. ಈ ದ್ವೀಪದಲ್ಲಿ ನಮ್ಮೂರಿನಂಥ ಕೆರೆಗಳಿಲ್ಲ. ಹಿಂದೆ ಕಡಲ ತಳದಲ್ಲೇ ಸಿಹಿನೀರಿನ ಬುಗ್ಗೆಗಳು ಏಳುತ್ತಿದ್ದವು, ಮುಳುಗುಗಾರರು ತೊಗಲಿನ ಚೀಲದಲ್ಲಿ ಆ ನೀರು ತುಂಬಿ ಮೇಲೆ ತರುತ್ತಿದ್ದರು. ಈಗ ನಲ್ಲಿಯ ನೀರು ಬಹುಪಾಲು ಸಮುದ್ರದ ನೀರನ್ನು ಸಿಹಿ ಮಾಡಿದ್ದು.

ಆದರೂ ಹಿದ್ದ್‌ನ ಹಡಗು ರಿಪೇರಿ ಯಾರ್ಡ್‌ನಲ್ಲಿ, ವಿಮಾನ ನಿಲ್ದಾಣದ ಕೆಲಸದಲ್ಲಿ, ಅರಾದ್‌ನ ರೂಮುಗಳಲ್ಲಿ ಇರುವ ಅನೇಕರ ಮನಸ್ಸಿನಲ್ಲಿ ಒಂದು ಮೀನು ಹೊಂಡ ಇದೆ. ವೀಸಾ ಮುಗಿಸಿ ಊರಿಗೆ ಹೋದ ಮೇಲೆ ಏನು ಎಂಬ ಪ್ರಶ್ನೆಗೆ ಹಸು, ಆಟೋ, ಅಂಗಡಿಯ ಜೊತೆಗೆ ಈಗ ಮೀನು ಸಾಕಣೆಯ ಹೆಸರೂ ಸೇರಿದೆ. ಕೆಲವರು ಹೋಗುವ ತನಕ ಕಾಯೋದೂ ಇಲ್ಲ. ದುಡ್ಡು ಕಳಿಸಿ, ಜೆಸಿಬಿ ತರಿಸಿ, ಹೊಂಡ ತೋಡಿಸಿಬಿಡುತ್ತಾರೆ. ಮನೆಯಲ್ಲಿ ಹೆಂಡತಿಯೋ ತಮ್ಮನೋ ನೋಡಿಕೊಳ್ಳಬೇಕು.

ಅಲ್ಲಿಂದ ಮುಂದೆ ನಡೆಯುವುದು ಬಹಳ ಮನೆಗಳಲ್ಲಿ ಒಂದೇ ಕಥೆ. ಮಳೆಗಾಲದಲ್ಲಿ ಮೂರು ಸಾವಿರ ಮರಿ ತಂದು ಬಿಡುತ್ತಾರೆ. ಒಂದು ಮೂಟೆ ಹಿಂಡಿ, ಒಂದು ಮೂಟೆ ತೌಡು ತರುತ್ತಾರೆ. ದಿನಾ ಬೆಳಿಗ್ಗೆ ಒಂದು ಬುಟ್ಟಿ ಎರಚುತ್ತಾರೆ. ವರ್ಷ ಕಳೆದು ಬಲೆ ಹಾಕಿದರೆ ಮುನ್ನೂರು ಮೀನೂ ಇರೋದಿಲ್ಲ. ಕಳ್ಳತನವಾಯಿತು, ಮರಿ ಕೊಟ್ಟವರು ಮೋಸ ಮಾಡಿದರು, ಕಣ್ಣು ಬಿತ್ತು ಎಂದೆಲ್ಲ ಮಾತು ಬರುತ್ತದೆ. ಮೋಸ ಇರಲೂಬಹುದು. ಆದರೆ ಹೆಚ್ಚಿನ ಮರಿಗಳು ಸತ್ತಿರುವುದು ಮೊದಲ ಕೆಲವು ವಾರಗಳಲ್ಲೇ, ಯಾರ ಕಣ್ಣಿಗೂ ಬೀಳದೆ. ಎರಡು ಸೆಂಟಿಮೀಟರ್ ಮರಿ ಸತ್ತರೆ ತೇಲಿ ಕಾಣೋದು ಕಡಿಮೆ; ತಳಕ್ಕೆ ಹೋಗುತ್ತದೆ, ಇಲ್ಲವೇ ಇನ್ನೊಂದರ ಬಾಯಿಗೆ. ಮೀನು ಸಾಕಣೆಯ ಲಾಭ ನಷ್ಟ ಬಹುಮಟ್ಟಿಗೆ ತೀರ್ಮಾನವಾಗುವುದು ಮರಿ ಬೆರಳುದ್ದ ಆಗುವುದರೊಳಗೆ. ಆ ಅವಧಿಯಲ್ಲಿ ಕೊಲ್ಲುವುದು ಹಸಿವಿಗಿಂತ ಹೆಚ್ಚಾಗಿ ಅತಿಮೇವು ಮತ್ತು ಸಿದ್ಧವಾಗದ ನೀರು.

ಮರಿಯ ಅಳತೆ ಗೊತ್ತಿರಲಿ

ಮೀನುಮರಿ ಮಾರುವ ಕಡೆ ಮೂರು ಹೆಸರು ಕೇಳಿಬರುತ್ತವೆ. ಮೊಟ್ಟೆಯೊಡೆದು ಮೂರು ನಾಲ್ಕು ದಿನದ, ಅಕ್ಕಿಕಾಳಿಗಿಂತ ದೊಡ್ಡದಲ್ಲದ ಮರಿ ಸ್ಪಾನ್. ಅದನ್ನು ಹದಿನೈದು ಇಪ್ಪತ್ತು ದಿನ ಸಾಕಿದರೆ 2ರಿಂದ 2.5 ಸೆಂಟಿಮೀಟರ್ ಆಗುತ್ತದೆ, ಅದು ಫ್ರೈ. ಇನ್ನೂ ಎರಡು ಮೂರು ತಿಂಗಳು ಸಾಕಿ 8ರಿಂದ 10 ಸೆಂಟಿಮೀಟರ್, 8ರಿಂದ 10 ಗ್ರಾಂ ಆದದ್ದು ಫಿಂಗರ್ಲಿಂಗ್, ಅಂದರೆ ಬೆರಳುದ್ದದ ಬಲಿತ ಮರಿ. ದೊಡ್ಡ ಹೊಂಡಕ್ಕೆ ಬಿಡಬೇಕಾದದ್ದು ಈ ಕೊನೆಯದು ಮಾತ್ರ.

ಎಡವಟ್ಟಾಗುವುದು ಇಲ್ಲೇ. ಫ್ರೈ ಅಗ್ಗ, ಫಿಂಗರ್ಲಿಂಗ್ ತುಟ್ಟಿ. ಅಗ್ಗದ್ದನ್ನು ತಂದು ನೇರವಾಗಿ ಅರ್ಧ ಎಕರೆಯ ಹೊಂಡಕ್ಕೆ ಸುರಿದರೆ ಕಪ್ಪೆ, ಏಡಿ, ನೀರುಹಾವು, ನೀರುಕಾಗೆ, ಎಲ್ಲಿಂದಲೋ ಬಂದ ಕೊರವ ಮೀನು ಇವಕ್ಕೆಲ್ಲ ಹಬ್ಬದೂಟ. ಅಷ್ಟು ದೊಡ್ಡ ನೀರಿನಲ್ಲಿ ಹಾಕಿದ ಮೇವು ಮರಿಗೆ ಸಿಗುವುದೂ ಇಲ್ಲ. ಎಲ್ಲ ಚೆನ್ನಾಗಿ ನಡೆದ ಮಣ್ಣಿನ ಹೊಂಡದಲ್ಲೂ ಸ್ಪಾನ್‌ನಿಂದ ಫ್ರೈ ಹಂತಕ್ಕೆ ಉಳಿಯುವುದು ನೂರಕ್ಕೆ 30ರಿಂದ 50. ಫ್ರೈನಿಂದ ಫಿಂಗರ್ಲಿಂಗ್ ಹಂತಕ್ಕೆ ನೂರಕ್ಕೆ 60ರಿಂದ 80 ಉಳಿದರೆ ಒಳ್ಳೆಯ ಕೆಲಸ. ಇದು ತಿಳಿದವರ ಕೈಯಲ್ಲಿ. ತಿಳಿಯದವರ ಕೈಯಲ್ಲಿ ಹತ್ತೂ ಉಳಿಯದಿರಬಹುದು.

ಆದ್ದರಿಂದ ಫ್ರೈ ತರುವುದಾದರೆ ದೊಡ್ಡ ಹೊಂಡದ ಪಕ್ಕದಲ್ಲೇ ಒಂದೂವರೆ ಎರಡು ಗುಂಟೆಯ ಸಣ್ಣ ಮರಿಹೊಂಡ ಬೇಕು, ಮೂರರಿಂದ ನಾಲ್ಕೂವರೆ ಅಡಿ ನೀರು ನಿಲ್ಲುವಂತೆ. ಅದಕ್ಕೆ ಜಾಗ ಇಲ್ಲದಿದ್ದರೆ ದೊಡ್ಡ ಹೊಂಡದೊಳಗೇ ಸೊಳ್ಳೆಪರದೆಯಂಥ ನೈಲಾನ್ ಬಲೆಯ ಪೆಟ್ಟಿಗೆ ಕಟ್ಟಿ, ಅದರಲ್ಲಿ ಮರಿ ಸಾಕಬಹುದು. ಇದನ್ನು ಹಾಪಾ ಅಂತಾರೆ. ಹಾಪಾದ ಕಣ್ಣುಗಳಿಗೆ ಪಾಚಿ ಕಟ್ಟಿಕೊಳ್ಳುತ್ತದೆ; ಆಗಾಗ ಬ್ರಷ್ ಹಾಕಿ ತೊಳೆಯದಿದ್ದರೆ ಒಳಗೆ ನೀರಾಡದೆ ಮರಿಗಳು ಉಸಿರುಗಟ್ಟುತ್ತವೆ.

ಮೊದಲ ಮೇವು ಮೂಟೆಯಲ್ಲಿಲ್ಲ, ನೀರಿನಲ್ಲಿದೆ

ಕಾಟ್ಲಾ, ರೋಹು, ಮೃಗಾಲ್ ಮೂರೂ ದೊಡ್ಡವಾದ ಮೇಲೆ ಬೇರೆ ಬೇರೆ ಕಡೆ ಮೇಯುತ್ತವೆ. ಕಾಟ್ಲಾ ಮೇಲ್ಮಟ್ಟದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ. ಆದರೆ ಮರಿಗಳಾಗಿದ್ದಾಗ ಮೂರಕ್ಕೂ ಬೇಕಾದದ್ದು ಒಂದೇ: ನೀರಿನಲ್ಲಿ ಓಡಾಡುವ ಸೂಕ್ಷ್ಮ ಪ್ರಾಣಿಗಳು, ಅಂದರೆ ಪ್ರಾಣಿ ಪ್ಲವಕ. ಬರಿಗಣ್ಣಿಗೆ ಬಿಳಿ ಚುಕ್ಕೆಯಂತೆ ಜಿಗಿಯುವ ನೀರುಚಿಗಟ, ಅದಕ್ಕೂ ಸಣ್ಣದಾದ ರೋಟಿಫರ್. ಮರಿಯ ಬೆಳವಣಿಗೆಗೆ ಬೇಕಾದ ಪ್ರೋಟೀನ್ ಅದರಲ್ಲಿದೆ. ತೌಡು ಹಿಂಡಿ ಇದಕ್ಕೆ ಕೂಡಿಕೆ ಮಾತ್ರ, ಬದಲಿ ಅಲ್ಲ.

ಇದು ನಮ್ಮ ಕೆರೆ ಮೀನಿನ ವಿಶೇಷವೇನೂ ಅಲ್ಲ. ಮುಹರ್ರಕ್ ಮಾರ್ಕೆಟ್‌ನಲ್ಲಿ ದುಬಾರಿಗೆ ಹೋಗುವ ಹಮೂರ್ ಜಾತಿಯ ಮೀನುಗಳನ್ನು ಹ್ಯಾಚರಿಯಲ್ಲಿ ಮರಿ ಮಾಡುವಾಗಲೂ ಮೊದಲು ಕೊಡುವುದು ರೋಟಿಫರ್, ಆಮೇಲೆ ಆರ್ಟೀಮಿಯಾ ಎಂಬ ಸಣ್ಣ ಜೀವಿ. ಒಣ ಮೇವು ಅದರ ನಂತರ. ಹ್ಯಾಚರಿಯವರು ಇದನ್ನು ತೊಟ್ಟಿಗಳಲ್ಲಿ ಬೇರೆಯಾಗಿ ಬೆಳೆಸಬೇಕು. ಮಣ್ಣಿನ ಹೊಂಡದವರಿಗೆ ಮಣ್ಣೂ ಸಗಣಿಯೂ ಬಿಸಿಲೂ ಸೇರಿ ಸುಮ್ಮನೆ ಬೆಳೆದುಕೊಡುತ್ತವೆ.

ಬೆಳೆದುಕೊಡಲು ಸಮಯ ಮಾತ್ರ ಕೊಡಬೇಕು. ಹೊಸ ಹೊಂಡವಾದರೆ ಒಣಗಿಸಿ ಸುಣ್ಣ ಎರಚುವುದು ಮೊದಲ ಕೆಲಸ. ಗುಂಟೆಗೆ ಎರಡು ಮೂರು ಕಿಲೋ ಸಾಮಾನ್ಯ ಲೆಕ್ಕ. ಕರಾವಳಿ ಮಲೆನಾಡಿನ ಕೆಂಪುಕಲ್ಲಿನ ಹುಳಿ ಮಣ್ಣಿಗೆ ಇನ್ನೂ ಹೆಚ್ಚು ಬೇಕು, ಮಣ್ಣು ಪರೀಕ್ಷೆ ಮಾಡಿಸಿ ಹಾಕಿದರೆ ಒಳ್ಳೆಯದು. ಆ ಮಣ್ಣಿಗೆ ಇನ್ನೊಂದು ಕಷ್ಟ, ನೀರು ಇಂಗಿಹೋಗುತ್ತದೆ. ತಳಕ್ಕೆ ಜೇಡಿಮಣ್ಣು ಹಾಕಿ ತುಳಿಸದೆ ದುಡ್ಡು ಹಾಕಬಾರದು. ರಾಯಚೂರು, ಬಳ್ಳಾರಿ ಕಡೆಯ ಎರೆಮಣ್ಣಿನವರಿಗೆ ಈ ಚಿಂತೆ ಕಡಿಮೆ.

ಹಳೆಯ ಹೊಂಡದಲ್ಲಿ ನೀರು ಬತ್ತಿಸಲು ಆಗದಿದ್ದರೆ ಒಳಗಿರುವ ಕಳೆಮೀನು, ಕೊರವ ತೆಗೆಯಲೇಬೇಕು. ಬಲೆ ಎಳೆದರೆ ಪೂರಾ ಬರೋದಿಲ್ಲ. ಹಿಪ್ಪೆ ಹಿಂಡಿ ಹಳೆಯ ಉಪಾಯ: ಒಂದು ಮೀಟರ್ ಆಳದ ನೀರಿಗೆ ಗುಂಟೆಗೆ ಸುಮಾರು 25 ಕಿಲೋ. ಅದರ ವಿಷ ಇಳಿಯಲು ಮೂರು ವಾರ ಬೇಕು, ಆಮೇಲೆ ಅದೇ ಗೊಬ್ಬರವಾಗುತ್ತದೆ. ಮೂರು ವಾರ ಕಾಯದೆ ಮರಿ ಬಿಟ್ಟವರ ಮರಿಗಳು ಅದೇ ದಿನ ಸತ್ತಿರುತ್ತವೆ.

ಸುಣ್ಣ ಹಾಕಿ ಒಂದು ವಾರ ಬಿಟ್ಟು ಗುಂಟೆಗೆ 50 ಕಿಲೋದಷ್ಟು ಹಸಿ ಸಗಣಿ. ಹಿಪ್ಪೆ ಹಿಂಡಿ ಹಾಕಿದ್ದರೆ ಅದರ ಅರ್ಧ ಸಾಕು. ಒಂದು ವಾರ ಹತ್ತು ದಿನದಲ್ಲಿ ನೀರು ತಿಳಿ ಹಸಿರಾಗುತ್ತದೆ, ಆಮೇಲೆ ಸ್ವಲ್ಪ ಕಂದು ಛಾಯೆ ಬರುತ್ತದೆ. ಆಗ ಒಂದು ತೆಳು ಬಿಳಿ ಬಟ್ಟೆಯಲ್ಲಿ 50 ಲೀಟರ್ ನೀರು ಸೋಸಿ, ಉಳಿದದ್ದನ್ನು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿದು ನೋಡಬೇಕು. ಚುಕ್ಕೆಗಳು ಚುರುಕಾಗಿ ಓಡಾಡುತ್ತಿದ್ದು, ತಳದಲ್ಲಿ ಒಂದೆರಡು ಮಿಲಿಲೀಟರ್ ಕೂತರೆ ಹೊಂಡ ಸಿದ್ಧ. ಹಸಿರು ಮಾತ್ರ ಇದ್ದು ಓಡಾಡುವುದು ಏನೂ ಇಲ್ಲದಿದ್ದರೆ ಇನ್ನೂ ಎರಡು ಮೂರು ದಿನ ತಡೆಯಬೇಕು. ಮರಿ ಬಂದ ಮೇಲೆ ಹದಿನೈದು ದಿನಕ್ಕೊಮ್ಮೆ ಗುಂಟೆಗೆ ಐದು ಕಿಲೋದಷ್ಟು ಸಗಣಿಯನ್ನು ನೀರಲ್ಲಿ ಕದಡಿ ಹಾಕುತ್ತಿದ್ದರೆ ಈ ಬೆಳೆ ನಿಲ್ಲುವುದಿಲ್ಲ.

ಸ್ಪಾನ್‌ನಿಂದಲೇ ಶುರು ಮಾಡುವ ಧೈರ್ಯವಂತರಿಗೆ ಒಂದು ಹೆಚ್ಚಿನ ಕೆಲಸ ಇದೆ. ಗೊಬ್ಬರದ ನೀರಿಗೆ ನೀರುತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದು ಸೇರಿಕೊಂಡು ಸ್ಪಾನ್ ಹಿಡಿದು ತಿನ್ನುತ್ತವೆ. ಬಿಡುವ ಹಿಂದಿನ ದಿನ ಗಾಳಿ ಇಲ್ಲದ ಹೊತ್ತಿನಲ್ಲಿ ಗುಂಟೆಗೆ 180 ಗ್ರಾಂ ಬಟ್ಟೆಸೋಪು, 560 ಗ್ರಾಂ ಅಗ್ಗದ ಅಡುಗೆ ಎಣ್ಣೆ ಸೇರಿಸಿ ಕಲಸಿ ನೀರ ಮೇಲೆ ಹರಡಿದರೆ, ಉಸಿರಿಗೆ ಮೇಲೆ ಬರುವ ಹುಳುಗಳು ಸಾಯುತ್ತವೆ. ಮೊದಲ ಬಾರಿಗೆ ಮಾಡುವವರು ಸ್ಪಾನ್ ಸಹವಾಸಕ್ಕೆ ಹೋಗದಿರುವುದೇ ಕ್ಷೇಮ. ಫ್ರೈನಿಂದ ಆರಂಭಿಸಿದರೆ ಒಂದು ಗಂಡಾಂತರ ಕಡಿಮೆ.

ಅರವತ್ತು ಗ್ರಾಂನಿಂದ ಶುರು

ಈಗ ಮುಖ್ಯ ವಿಷಯ. ಒಂದೂವರೆ ಗುಂಟೆ, ಅಂದರೆ ಸುಮಾರು 150 ಚದರ ಮೀಟರ್ ಮರಿಹೊಂಡ. ಚದರ ಮೀಟರಿಗೆ 20ರಂತೆ 3,000 ಫ್ರೈ ಬಿಟ್ಟಿದ್ದಾರೆ ಎಂದುಕೊಳ್ಳೋಣ. ಎರಡೂವರೆ ಸೆಂಟಿಮೀಟರ್ ಮರಿಯ ತೂಕ ಸುಮಾರು 0.2 ಗ್ರಾಂ. ಮೂರು ಸಾವಿರ ಮರಿಯ ಒಟ್ಟು ತೂಕ 600 ಗ್ರಾಂ, ಒಂದು ದೊಡ್ಡ ಬಂಗುಡೆ ಎರಡು ಸಣ್ಣ ಬಂಗುಡೆ ಸೇರಿದಷ್ಟು. ಈ ವಯಸ್ಸಿನಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಹತ್ತು ಪಾಲು ಮೇವು ಕೊಡಬೇಕೆಂಬುದು ಲೆಕ್ಕ. ಅಂದರೆ ಅರವತ್ತು ಗ್ರಾಂ. ಇಡೀ ದಿನಕ್ಕೆ, ಇಡೀ ಹೊಂಡಕ್ಕೆ ಒಂದು ಚಹಾ ಲೋಟದಷ್ಟು ಪುಡಿ.

ಊರಲ್ಲಿ ಬುಟ್ಟಿಗಟ್ಟಲೆ ಹಾಕುವುದು ಇದೇ ಮರಿಗಳಿಗೆ. ಎರಡು ಕಿಲೋ ಹಾಕಿದರೆ ಮರಿ ತಿನ್ನುವುದು ಆ ಅರವತ್ತು ಗ್ರಾಂ. ಉಳಿದದ್ದು ತಳದಲ್ಲಿ ಕೊಳೆಯುತ್ತದೆ. ಕೊಳೆಯುವಾಗ ನೀರಿನ ಆಮ್ಲಜನಕ ಹೀರುತ್ತದೆ, ಅಮೋನಿಯಾ ಬಿಡುತ್ತದೆ. ಹೊಟ್ಟೆ ತುಂಬಿದ ಮರಿಯೇ ಉಸಿರುಗಟ್ಟಿ ಸಾಯುತ್ತದೆ. ಪ್ರೀತಿಯಿಂದ ಹೆಚ್ಚು ಹಾಕಿದ್ದೇ ಮುಳುವಾಯಿತು.

ಮುಂದಿನ ಲೆಕ್ಕವೂ ಹೀಗೇ ತೂಕದ ಹಿಂದೆ ಹೋಗುತ್ತದೆ. ಹದಿನೈದು ದಿನಕ್ಕೆ ಮರಿ ಸರಾಸರಿ ಒಂದು ಗ್ರಾಂ ಆಗಿ 2,700 ಉಳಿದಿದ್ದರೆ ಒಟ್ಟು 2.7 ಕಿಲೋ, ಮೇವು ದಿನಕ್ಕೆ 250 ಗ್ರಾಂ ಆಸುಪಾಸು. ತಿಂಗಳಿಗೆ ಎರಡೂವರೆ ಗ್ರಾಂನ 2,500 ಮರಿ ಇದ್ದರೆ ನೂರಕ್ಕೆ ಎಂಟರಂತೆ ಅರ್ಧ ಕಿಲೋ. ಎರಡು ತಿಂಗಳಿಗೆ ಆರು ಗ್ರಾಂನ 2,300 ಮರಿ ಅಂದರೆ ಹದಿನಾಲ್ಕು ಕಿಲೋ ಹತ್ತಿರ. ನೂರಕ್ಕೆ ಆರೂವರೆಯಂತೆ 900 ಗ್ರಾಂ. ಮೂರು ತಿಂಗಳಿಗೆ ಹತ್ತು ಗ್ರಾಂನ 2,100 ಮರಿ ಕೈಗೆ ಬರಬೇಕು, ನೂರಕ್ಕೆ ಎಪ್ಪತ್ತು. ಮರಿ ದೊಡ್ಡದಾದಂತೆ ಒಟ್ಟು ಮೇವು ಏರುತ್ತದೆ, ಆದರೆ ಮೈತೂಕಕ್ಕೆ ಹೋಲಿಸಿದ ಪಾಲು ಇಳಿಯುತ್ತದೆ. ಮೂರು ತಿಂಗಳ ಮೇವು ಕೂಡಿಸಿದರೆ ಈ ಉದಾಹರಣೆಯಲ್ಲಿ ಸುಮಾರು 60 ಕಿಲೋ. ಮೊದಲ ತಿಂಗಳದ್ದು ಅದರಲ್ಲಿ ಎಂಟು ಕಿಲೋ ಮಾತ್ರ. ಐವತ್ತು ಕಿಲೋ ಮೂಟೆ ಹದಿನೈದು ದಿನಕ್ಕೇ ಖಾಲಿಯಾಯಿತು, ದುಡ್ಡು ಕಳಿಸಿ ಎಂದು ಊರಿಂದ ಫೋನ್ ಬಂದರೆ, ಖುಷಿಪಡುವ ವಿಷಯವಲ್ಲ.

ಏನು ಹಾಕಬೇಕು ಎಂಬುದಕ್ಕೆ ಹಳೆಯ ಉತ್ತರವೇ ಈಗಲೂ ನಡೆಯುತ್ತದೆ: ಶೇಂಗಾ ಹಿಂಡಿ ಪುಡಿ, ಭತ್ತದ ನಯ ತೌಡು ಸಮಸಮ. ಸ್ಪಾನ್‌ಗಾದರೆ ಬಟ್ಟೆಯಲ್ಲಿ ಸೋಸಿದ ಹಿಟ್ಟಿನಂತಿರಬೇಕು. ಲಕ್ಷ ಸ್ಪಾನ್‌ಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ಆಮೇಲೆ 1,200 ಗ್ರಾಂ. ಫ್ರೈಗೆ ಸಣ್ಣ ರವೆಯಷ್ಟು ಇರಬಹುದು. ಸೋಯಾ ಹಿಟ್ಟು ಅಥವಾ ಒಣಮೀನು ಪುಡಿ ಸ್ವಲ್ಪ ಸೇರಿಸಿ, ನೂರಕ್ಕೆ ಒಂದರಂತೆ ಖನಿಜ ಮಿಶ್ರಣ ಹಾಕಿದರೆ ಬೆಳವಣಿಗೆ ಚೆನ್ನಾಗಿರುತ್ತದೆ. ಮರಿಗಳಿಗೆ ನೂರಕ್ಕೆ 30ಕ್ಕೂ ಹೆಚ್ಚು ಪ್ರೋಟೀನ್ ಬೇಕು. ದೊಡ್ಡ ಮೀನಿಗೆ 25ರ ಹತ್ತಿರ ಇದ್ದರೂ ನಡೆಯುತ್ತದೆ. ಅಂಗಡಿಯ ಸಣ್ಣ ಗುಳಿಗೆ ಮೇವು ಅನುಕೂಲ, ಆದರೆ ಮರಿಯ ಬಾಯಿಗಿಂತ ದೊಡ್ಡ ಗುಳಿಗೆ ತಂದರೆ ಉಪಯೋಗವಿಲ್ಲ. ಚೀಲದ ಮೇಲೆ ಪ್ರೋಟೀನ್ ಮತ್ತು ಗುಳಿಗೆಯ ಅಳತೆ ಎರಡನ್ನೂ ಓದಬೇಕು.

ಹಿಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಶೇಂಗಾ ಹಿಂಡಿಗೆ ಬೂಷ್ಟು ಬರುತ್ತದೆ. ಹಸಿರು ಬೂಷ್ಟಿನ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಅದು ಮೀನಿನ ಯಕೃತ್ತು ಕೆಡಿಸುತ್ತದೆ. ಮುಗ್ಗಲು ತೌಡೂ ಹಾಗೇ. ಹಸು ತಿನ್ನದ್ದನ್ನು ಮೀನಿಗೆ ಹಾಕೋಣ ಎಂಬ ಲೆಕ್ಕ ಬೇಡ. ಮೂಟೆಯನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಟ್ಟು, ತಿಂಗಳಿಗೆ ಬೇಕಾದಷ್ಟನ್ನೇ ತರುವುದು ಒಳ್ಳೆಯದು.

ಈ ಗೆಂಡೆ ಜಾತಿಯ ಮೀನುಗಳಿಗೆ ಜಠರ ಎಂಬುದು ಇಲ್ಲ. ತಿಂದದ್ದು ನೇರ ಕರುಳಿಗೆ ಹೋಗುತ್ತದೆ, ಕೂಡಿಟ್ಟುಕೊಳ್ಳಲು ಚೀಲ ಇಲ್ಲ. ಆದ್ದರಿಂದ ದಿನದ ಮೇವನ್ನು ಒಂದೇ ಸಲ ಕೊಟ್ಟರೆ ವ್ಯರ್ಥ. ಎರಡು ಅಥವಾ ಮೂರು ಸಲ ಹಂಚಿ ಕೊಡಬೇಕು. ಬಿಸಿಲು ಏರಿದ ಮೇಲೆ ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ಒಮ್ಮೆ, ಸಂಜೆ ನಾಲ್ಕಕ್ಕೆ ಒಮ್ಮೆ. ದಿನಾ ಅದೇ ಹೊತ್ತು, ಅದೇ ಜಾಗ. ಬಕೆಟ್ ತಟ್ಟಿ ಹಾಕುವ ರೂಢಿ ಮಾಡಿದರೆ ವಾರದಲ್ಲಿ ಮರಿಗಳು ಸದ್ದಿಗೇ ಬರುತ್ತವೆ. ಮೇವನ್ನು ನೀರಲ್ಲಿ ಕಲಸಿ ಉಂಡೆ ಮಾಡಿ, ಒಂದು ಬಿದಿರಿನ ತಟ್ಟೆಯನ್ನೋ ಹಳೆಯ ಸ್ಟೀಲ್ ತಾಟನ್ನೋ ಹಗ್ಗ ಕಟ್ಟಿ ಒಂದೂವರೆ ಅಡಿ ಆಳಕ್ಕೆ ಇಳಿಬಿಟ್ಟು ಅದರಲ್ಲಿಡಬೇಕು. ಎರಡು ಗಂಟೆ ಬಿಟ್ಟು ಎತ್ತಿ ನೋಡಿದರೆ ಎಲ್ಲ ಗೊತ್ತಾಗುತ್ತದೆ. ತಟ್ಟೆ ಖಾಲಿ ಇದ್ದರೆ ನಾಳೆ ಸ್ವಲ್ಪ ಹೆಚ್ಚು, ಉಳಿದಿದ್ದರೆ ಕಡಿಮೆ. ಒಂದೇ ತಟ್ಟೆ ಇಟ್ಟರೆ ಜೋರಿನ ಮರಿಗಳೇ ತಿಂದು ದೊಡ್ಡವಾಗುತ್ತವೆ, ಉಳಿದವು ಕಡ್ಡಿಯಾಗುತ್ತವೆ. ಮೂರು ನಾಲ್ಕು ಕಡೆ ಇಡಬೇಕು. ಆಂಧ್ರದ ಕೊಲ್ಲೇರು ಕಡೆಯವರು ದೊಡ್ಡ ಮೀನಿಗೆ ಇದೇ ತತ್ವದಲ್ಲಿ ತೂತು ಮಾಡಿದ ಚೀಲಗಳಲ್ಲಿ ತೌಡು ಹಿಂಡಿ ತುಂಬಿ ಗೂಟಕ್ಕೆ ಕಟ್ಟುತ್ತಾರೆ.

ಶುಕ್ರವಾರದ ತೂಕ

ಮುಹರ್ರಕ್‌ನಲ್ಲಿ ಕೂತವರು ಮೇವು ಹಾಕಲಾರರು. ಆದರೆ ಲೆಕ್ಕ ಇಡಬಹುದು. ಅದಕ್ಕೆ ಬೇಕಾದದ್ದು ವಾರಕ್ಕೊಮ್ಮೆ ಬರುವ ಎರಡೇ ಅಂಕಿ: ಮರಿಯ ಸರಾಸರಿ ತೂಕ, ವಾರದಲ್ಲಿ ಹಾಕಿದ ಮೇವು. ಶುಕ್ರವಾರ ರಜೆ ಇರುವವರಿಗೆ ಅದೇ ದಿನ ಅನುಕೂಲ. ಊರಿನ ರಾತ್ರಿ ಎಂಟಕ್ಕೆ ಇಲ್ಲಿ ಸಂಜೆ ಐದೂವರೆ.

ತೂಗುವ ಕ್ರಮ ಸುಲಭ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಅರ್ಧ ನೀರಿನ ಸಣ್ಣ ಬಕೆಟ್ ಇಟ್ಟು ತೂಕ ಬರೆದುಕೊಳ್ಳುವುದು. ಕೈಬಲೆಯಲ್ಲಿ ಮೂವತ್ತು ಮರಿ ಹಿಡಿದು, ನೀರು ಸೋರಲು ಬಿಟ್ಟು, ಬಕೆಟ್‌ಗೆ ಹಾಕಿ ಮತ್ತೆ ತೂಗುವುದು. ಹೆಚ್ಚಾದ ತೂಕವನ್ನು ಮೂವತ್ತರಿಂದ ಭಾಗಿಸಿದರೆ ಸರಾಸರಿ. ಮೇವಿನ ತಟ್ಟೆಯ ಬಳಿ ಮಾತ್ರ ಹಿಡಿದರೆ ದೊಡ್ಡವೇ ಸಿಗುತ್ತವೆ, ನಾಲ್ಕು ಮೂಲೆಯಲ್ಲಿ ಹಿಡಿಯಬೇಕು. ಬೆಳಿಗ್ಗೆ ತಂಪಿನಲ್ಲಿ, ಮೇವು ಹಾಕುವ ಮುಂಚೆ ಮಾಡಿದರೆ ಮರಿಗೆ ತೊಂದರೆ ಕಡಿಮೆ. ತೂಗಿದ ಫೋಟೋ ವಾಟ್ಸಾಪ್‌ನಲ್ಲಿ ಬಂದರೆ ಇಲ್ಲಿಂದಲೇ ಮುಂದಿನ ವಾರದ ಮೇವು ಎಷ್ಟು ಎಂದು ಹೇಳಿಬಿಡಬಹುದು.

ಫೋಟೋದಲ್ಲಿ ಇನ್ನೂ ಒಂದೆರಡು ಸಂಗತಿ ಕಾಣುತ್ತವೆ. ತಲೆ ದೊಡ್ಡದು, ಮೈ ತೆಳು ಇದ್ದರೆ ಮೇವು ಸಾಲದು, ಅಥವಾ ನೀರಿನಲ್ಲಿ ಪ್ಲವಕ ಇಲ್ಲ. ಮೂರು ಅಳತೆಯ ಮರಿಗಳಿದ್ದರೆ ಮೇವು ಸರಿಯಾಗಿ ಹಂಚಿಲ್ಲ. ಮೈಗೆ ಸಣ್ಣ ಚಪ್ಪಟೆ ಚುಕ್ಕೆ ಅಂಟಿಕೊಂಡು ಅದು ಓಡಾಡುತ್ತಿದ್ದರೆ ಮೀನುಹೇನು. ಆಗ ಇಲ್ಲಿಂದ ಔಷಧಿ ಹೆಸರು ಹೇಳುವುದಕ್ಕಿಂತ ತಾಲ್ಲೂಕಿನ ಮೀನುಗಾರಿಕೆ ಕಚೇರಿಯವರಿಗೆ ತೋರಿಸುವುದು ಸರಿ. ಎರಡು ವಾರ ತೂಕ ಏರದೆ ನಿಂತಿದ್ದರೆ ಮೇವು ಹೆಚ್ಚಿಸುವ ಮುನ್ನ ನೀರು ನೋಡಬೇಕು. ಮೊಣಕೈವರೆಗೆ ಕೈ ಮುಳುಗಿಸಿದಾಗ ಅಂಗೈ ಮಸುಕಾಗಿ ಮರೆಯಾಗುವಷ್ಟು ಹಸಿರಿದ್ದರೆ ಸರಿ. ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುವಷ್ಟರಲ್ಲೇ ಬೆರಳು ಕಾಣದಾದರೆ ಹಸಿರು ಅತಿಯಾಗಿದೆ, ಗೊಬ್ಬರವೂ ಮೇವೂ ನಿಲ್ಲಿಸಬೇಕು.

ಬೆಳಗಿನ ಜಾವದ ಅಪಾಯ

ಹಗಲು ನೀರಿನ ಹಸಿರು ಬಿಸಿಲಿನಿಂದ ಆಮ್ಲಜನಕ ಮಾಡುತ್ತದೆ. ರಾತ್ರಿ ಅದೇ ಹಸಿರೂ ಮೀನೂ ತಳದ ಕೊಳೆಯೂ ಒಟ್ಟಿಗೆ ಉಸಿರಾಡಿ ಅದನ್ನು ಖಾಲಿ ಮಾಡುತ್ತವೆ. ಸೂರ್ಯ ಹುಟ್ಟುವ ಮುನ್ನ ಅದು ಅತಿ ಕಡಿಮೆ. ಲೀಟರಿಗೆ ಐದು ಮಿಲಿಗ್ರಾಂ ಇದ್ದರೆ ಮರಿ ಚೆನ್ನಾಗಿ ತಿನ್ನುತ್ತದೆ, ಮೂರಕ್ಕಿಂತ ಇಳಿದರೆ ಸಂಕಟ. ಎರಡು ಮೂರು ದಿನ ಮೋಡ ಮುಚ್ಚಿದರಂತೂ ಹಗಲೂ ತುಂಬಿಕೊಳ್ಳದೆ ಮೂರನೇ ದಿನ ಬೆಳಗಿನ ಜಾವ ಮರಿಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಅದು ಆಟವಲ್ಲ.

ಊರಲ್ಲಿ ಐದೂವರೆ ಆದಾಗ ಮುಹರ್ರಕ್‌ನಲ್ಲಿ ರಾತ್ರಿ ಮೂರು. ಇಲ್ಲಿಂದ ಫೋನ್‌ನಲ್ಲಿ ಹೇಳಿ ಮಾಡಿಸುವ ಹೊತ್ತಲ್ಲ ಅದು. ಮನೆಯಲ್ಲಿರುವವರಿಗೆ ಮೊದಲೇ ಹೇಳಿಟ್ಟಿರಬೇಕು: ಮೋಡದ ದಿನ ಮೇವು ಅರ್ಧ, ಜಡಿಮಳೆಯ ದಿನ ಮೇವಿಲ್ಲ, ಬಾಯಿ ತೆರೆದರೆ ಯಾರನ್ನೂ ಕೇಳದೆ ಪಂಪ್ ಹಾಕಿ ಹೊಸ ನೀರನ್ನು ಎತ್ತರದಿಂದ ಬೀಳಿಸುವುದು, ಹೊಸ ನೀರಿಲ್ಲದಿದ್ದರೆ ಅದೇ ಹೊಂಡದ ನೀರನ್ನು ಎತ್ತಿ ಚಿಮ್ಮಿಸುವುದು. ಮೂರು ನಾಲ್ಕು ದಿನ ಮೇವಿಲ್ಲದಿದ್ದರೆ ಮರಿ ಸಾಯೋದಿಲ್ಲ, ನೀರಿನಲ್ಲಿ ಹೇಗೂ ತಿನ್ನಲು ಇದೆ. ಉಸಿರಿಲ್ಲದೆ ಒಂದು ಗಂಟೆ ತಡೆಯೋದು ಕಷ್ಟ.

ಡಿಸೆಂಬರ್ ಜನವರಿಯ ಚಳಿಯಲ್ಲೂ ಮೇವು ಇಳಿಸಬೇಕು. ನೀರು 25ರಿಂದ 32 ಡಿಗ್ರಿ ಇದ್ದಾಗ ಚೆನ್ನಾಗಿ ತಿನ್ನುವ ಮೀನು, 20ಕ್ಕಿಂತ ಕೆಳಗೆ ಬಂದರೆ ಬಾಯಿ ಕಟ್ಟಿದಂತೆ ಇರುತ್ತದೆ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದವರು ಇದನ್ನೆಲ್ಲ ಹಾಗೇ ಅನುಸರಿಸುವಂತಿಲ್ಲ. ಹಾಳೆಯ ಮೇಲೆ ಮಣ್ಣಿಲ್ಲದ್ದರಿಂದ ನೀರು ಬೇಗ ಹಸಿರಾಗೋದಿಲ್ಲ, ಕೂಡಿಕೆ ಮೇವಿನ ಮೇಲೇ ಹೆಚ್ಚು ನಿಲ್ಲಬೇಕು. ತಳಕ್ಕೆ ಅರ್ಧ ಅಡಿ ಮಣ್ಣು ಹರಡಿದರೆ ವ್ಯತ್ಯಾಸ ಕಾಣುತ್ತದೆ. ಬೇಸಿಗೆಗೆ ಬೆಳೆಗೆ ನೀರೆತ್ತುವ ಹೊಂಡವಾದರೆ ಮೀನಿಗೆ ಎಷ್ಟು ಉಳಿಯುತ್ತದೆ ಎಂದು ಮೊದಲೇ ಯೋಚಿಸಬೇಕು.

ಮರಿ ಎಲ್ಲಿ, ರಜೆ ಯಾವಾಗ

ಕಾಟ್ಲಾ, ರೋಹು, ಮೃಗಾಲ್ ಮೂಲತಃ ಗಂಗೆಯ ಕಡೆಯ ನದಿ ಮೀನುಗಳು. ನಿಂತ ಹೊಂಡದಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. ಹಿಂದೆ ಮಳೆಗಾಲದಲ್ಲಿ ನದಿಯಿಂದಲೇ ಮರಿ ಹಿಡಿದು ದೂರದೂರಿಗೆ ಕಳಿಸುತ್ತಿದ್ದರು, ಅದರಲ್ಲಿ ಬೇಡದ ಜಾತಿಯ ಮರಿಗಳೂ ಬೆರೆತಿರುತ್ತಿದ್ದವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಗೆಂಡೆ ಮೀನುಗಳಲ್ಲಿ ಮರಿ ಮಾಡಿಸಿದ ಮೇಲೆ ಲೆಕ್ಕವೇ ಬದಲಾಯಿತು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ಆಯ್ಕೆ ತಳಿಯಾಗಿ ಬಿಟ್ಟ ಜಯಂತಿ ರೋಹು ಸಾಮಾನ್ಯ ರೋಹುಗಿಂತ ಬೇಗ ಬೆಳೆಯುತ್ತದೆ. ಸಿಕ್ಕರೆ ಅದನ್ನೇ ತರುವುದು ಮೇಲು.

ಕರ್ನಾಟಕದಲ್ಲಿ ಭದ್ರಾ ಅಣೆಕಟ್ಟೆಯ ಬಿ.ಆರ್. ಪ್ರಾಜೆಕ್ಟ್, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆ ಮೊದಲಾದ ಕಡೆ ಮೀನುಮರಿ ಕೇಂದ್ರಗಳಿವೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ, ಭುವನೇಶ್ವರ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಅಲ್ಲೇ. ಕರಾವಳಿಯವರಿಗೆ 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಹತ್ತಿರ. ದೇಶದಲ್ಲೇ ಮೊದಲ ಮೀನುಗಾರಿಕಾ ಕಾಲೇಜು ಅದು. ಬೇಗ ಬೆಳೆಯುತ್ತದೆ ಎಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡಲು ಬರುವವರಿರುತ್ತಾರೆ. ಅದರ ಸಾಕಣೆ ಭಾರತದಲ್ಲಿ ನಿಷಿದ್ಧ.

ಮರಿ ಹೆಚ್ಚಾಗಿ ಸಿಗುವುದು ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಇಲ್ಲಿ ಬಿಸಿಲಿಗೆ ಮಧ್ಯಾಹ್ನದ ಹೊರಗೆಲಸ ನಿಷೇಧವಾಗುವ ತಿಂಗಳುಗಳೇ ಅಲ್ಲಿ ಮರಿ ಬಿಡುವ ತಿಂಗಳು. ರಜೆ ಕೇಳುವುದಾದರೆ ಜುಲೈನಲ್ಲಿ ಕೇಳಿ, ಹೊಂಡ ಸಿದ್ಧ ಮಾಡಿ, ಮರಿ ಬಿಟ್ಟು, ಮೊದಲ ಎರಡು ಮೂರು ವಾರದ ಮೇವನ್ನು ಕೈಯಾರೆ ಹಾಕಿ, ಮನೆಯವರಿಗೆ ತೂಗುವುದನ್ನು ಕಲಿಸಿ ಬರಬಹುದು. ಫೆಬ್ರವರಿಗೇ ರಜೆ ಸಿಗುವವರಿಗೆ ಸಾಮಾನ್ಯ ಗೆಂಡೆ ಇದೆ. ಅದು ನಿಂತ ನೀರಿನಲ್ಲೂ ಮರಿ ಮಾಡುತ್ತದೆ, ಮಳೆಗಾಲದ ಹೊರಗೂ ಮರಿ ಸಿಗುತ್ತದೆ. ಆದರೆ ಬದುವಿನ ಮಣ್ಣು ಕೆದಕಿ ಬೀಳಿಸುವ ಚಾಳಿ ಅದಕ್ಕಿದೆ.

ಸಹಾಯಧನದ ವಿಷಯ ಚುಟುಕಾಗಿ: 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಘಟಕ ವೆಚ್ಚಕ್ಕೆ ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 60 ಸಹಾಯಧನ ಇಡಲಾಗಿದೆ. ಹೊಂಡ ನೋಡಿಕೊಳ್ಳುವುದು ಹೆಂಡತಿಯೇ ಆದರೆ ಅರ್ಜಿ ಅವರ ಹೆಸರಲ್ಲಿ ಹೋಗುವುದು ಸಹಜ ಮತ್ತು ಲಾಭ. ಪಹಣಿ ಅಥವಾ ನೋಂದಾಯಿತ ಗುತ್ತಿಗೆ ಪತ್ರ ಕೇಳುತ್ತಾರೆ. ಈ ವರ್ಷ ಅನುದಾನ ಇದೆಯೇ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಮೊದಲೇ ಕೇಳಬೇಕು. ಒಪ್ಪಿಗೆ ಪತ್ರ ಬರುವ ಮುನ್ನ ಜೆಸಿಬಿ ತರಿಸಬೇಡಿ.

ಮರಿ ತರುವ ದಿನ ಆಮ್ಲಜನಕ ತುಂಬಿದ ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ಹೊಂಡದ ನೀರ ಮೇಲೆ ತೇಲಿಬಿಟ್ಟು, ಆಮೇಲೆ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ, ಮರಿ ತಾನಾಗಿ ಈಜಿ ಹೊರಬರಲು ಬಿಡಬೇಕು. ಅಂದು ಮೇವು ಬೇಡ, ಮರುದಿನದಿಂದ ಸಾಕು. ಮೂರು ತಿಂಗಳ ನಂತರ ದೊಡ್ಡ ಹೊಂಡಕ್ಕೆ ವರ್ಗಾಯಿಸುವಾಗಲೂ ಹಿಂದಿನ ದಿನ ಮೇವು ನಿಲ್ಲಿಸಿ, ಬೆಳಗಿನ ತಂಪಿನಲ್ಲಿ ಎಣಿಸಿ ಬಿಡಬೇಕು. ಕಾಟ್ಲಾ ನಾಲ್ಕು ಪಾಲು, ರೋಹು ಮೂರು, ಮೃಗಾಲ್ ಮೂರು. ಅರ್ಧ ಎಕರೆಗೆ ಸಾವಿರದಿಂದ ಸಾವಿರದ ಐನೂರು ಬಲಿತ ಮರಿ ಧಾರಾಳ. ಎರಡು ಸಾವಿರ ಉಳಿದಿದೆ ಎಂದು ಎಲ್ಲವನ್ನೂ ಸುರಿಯಬಾರದು. ಹೆಚ್ಚಾದ ಐನೂರನ್ನು ಮರಿಹೊಂಡದಲ್ಲೇ ಕಡಿಮೆ ಮೇವಿನಲ್ಲಿ ಇಟ್ಟುಕೊಂಡರೆ ಮುಂದಿನ ವರ್ಷಕ್ಕೆ ಬರುತ್ತವೆ. ಹಾಗೆ ಒತ್ತಾಗಿ, ಕುಗ್ಗಿಸಿ ಇಟ್ಟ ಮರಿ ಜಾಗ ಸಿಕ್ಕ ಮೇಲೆ ಬೇಗ ಬೆಳೆಯುತ್ತದೆ. ಆಂಧ್ರದ ಸಾಕಣೆದಾರರು ಇದಕ್ಕಾಗಿಯೇ ವರ್ಷದ ಮರಿಗಳನ್ನು ಕೂಡಿಟ್ಟುಕೊಳ್ಳುತ್ತಾರೆ. ನೆರೆಮನೆಯವರು ಹೊಂಡ ತೋಡಿಸಿದ್ದರೆ ಅವರಿಗೆ ಮಾರಲೂಬಹುದು. ಬೆರಳುದ್ದದ ಮರಿಗೆ ಊರಲ್ಲಿ ಗಿರಾಕಿಗೆ ಬರವಿಲ್ಲ.